ಬೇಟೆ ಮತ್ತು ಬೆಟ್ಟದ ನಡಿಗೆ: ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದಂಚಿನ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ರೂಢಿಯಲ್ಲಿದ್ದ ಬೇಟೆಯ ಕ್ರಮ, ಅದರ ಸಲಕರಣೆ, ಅದಕ್ಕೆ ಗುರಿಯಾದ ಪ್ರಾಣಿಗಳು, ಮತ್ತು ಬಹುಮಟ್ಟಿಗೆ ಅದೇ ಜಾಡುಗಳಲ್ಲಿ ಇಂದು ಸಾಗುವ ಚಾರಣ ಈ ಲೇಖನದ ವಿಷಯ. ಬೇಟೆ ಈಗ ಕಾನೂನಿನ ಪ್ರಕಾರ ಅಪರಾಧ. ಆದರೆ ಈ ಸೀಮೆಯ ಕಾಡನ್ನು ಕುರಿತ ಮಾತು, ಊರುಗಳ ನಡುವಣ ಕಾಲುದಾರಿ, ಪ್ರಾಣಿಗಳ ನಡವಳಿಕೆಯ ತಿಳಿವಳಿಕೆ ಇವುಗಳ ದೊಡ್ಡ ಪಾಲು ಬೇಟೆಯಿಂದಲೇ ಬಂದದ್ದು.

ನೆಲ

ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ ಶೃಂಗೇರಿಯ ಕಡೆಗೆ ಹರಿದರೆ ಭದ್ರೆ ಬಾಳೆಹೊನ್ನೂರನ್ನು ಹಾದು, ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಶೃಂಗೇರಿ ಪೇಟೆಗೆ ಹತ್ತಿರದ ಮೆಣಸೆಯಂಥ ಊರುಗಳಲ್ಲಿ ತಗ್ಗಿನಲ್ಲಿ ಗದ್ದೆ, ಅದರ ಅಂಚಿಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು, ಎಂದರೆ ದಟ್ಟ ಹಸಿರುಕಾಡು. ಇನ್ನೂ ಮೇಲೆ, ಕಿಗ್ಗದ ನೆತ್ತಿಯ ಮೇಲಿನ ನರಸಿಂಹ ಪರ್ವತ (1,152 ಮೀಟರ್) ಮತ್ತು ಕುದುರೆಮುಖದ ಸಾಲುಗಳಲ್ಲಿ, ಹುಲ್ಲುಗಾವಲೂ ಕಣಿವೆಗೆ ಅಂಟಿಕೊಂಡ ಶೋಲಾ ಕಾಡೂ ಇವೆ. ನೆರೆಯ ಆಗುಂಬೆಯಲ್ಲಿ ವಾರ್ಷಿಕ ಮಳೆಯ ಸರಾಸರಿ 7,000 ಮಿಲಿಮೀಟರನ್ನು ಮೀರುತ್ತದೆ.

ಬೇಟೆಯ ಸ್ವರೂಪವನ್ನು ತೀರ್ಮಾನಿಸಿದ್ದು ಈ ಮಳೆ ಬೆಳೆಸಿದ ಹಳು, ಎಂದರೆ ಕಾಡಿನಡಿಯ ದಟ್ಟ ಪೊದೆ. ಬಲೂಚಿಸ್ತಾನದ ಅಥವಾ ಅರೇಬಿಯದ ಒಣಬೆಟ್ಟಗಳಲ್ಲಿ ಬೇಟೆಗಾರ ದುರ್ಬೀನು ಹಿಡಿದು ಎದುರುಬೆಟ್ಟದ ಕಾಡುಮೇಕೆಯನ್ನು ಗುರುತಿಸುತ್ತಾನೆ, ದೂರಕ್ಕೆ ಗುಂಡು ಹಾರಿಸುವ ರೈಫಲ್ಲಿನಿಂದ ಹೊಡೆಯುತ್ತಾನೆ. ಇಲ್ಲಿಯ ಕಾನಿನಲ್ಲಿ ಇಪ್ಪತ್ತು ಮಾರಿನಾಚೆ ಕಣ್ಣು ಸಾಗುವುದಿಲ್ಲ. ಆದ್ದರಿಂದ ಇಲ್ಲಿ ಮೊದಲ ಸಲಕರಣೆ ಕಿವಿ, ಎರಡನೆಯದು ನಾಯಿ. ಕೋವಿಯ ಸರದಿ ಆಮೇಲಿನದು.

ಹಿನ್ನೆಲೆ

ಕನ್ನಡ ನಾಡಿನಲ್ಲಿ ನಾಯಿ ಬಿಟ್ಟು ಆಡುವ ಹಂದಿಬೇಟೆಗೆ ಸಾವಿರ ವರ್ಷ ಮೀರಿದ ಸಾಕ್ಷ್ಯವಿದೆ. ಕ್ರಿ.ಶ. 949ರ ಸುಮಾರಿನ ಆತಕೂರು ಶಾಸನವು ಕಾಡುಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಅದು ಮಂಡ್ಯ ಜಿಲ್ಲೆಯದಾದರೂ, ನಾಯಿಯೂ ಹಂದಿಯೂ ಎದುರುಬದುರಾದ ಅದರ ಶಿಲ್ಪ ಮಲೆನಾಡಿನ ಬೇಟೆಗಾರನಿಗೆ ಅಪರಿಚಿತವೆನಿಸದು.

ಈ ಸೀಮೆಯಲ್ಲಿ ಬೇಟೆಯೊಂದಿಗೆ ಕೊಲ್ಲದಿರುವ ಸಂಪ್ರದಾಯವೂ ಬೆಳೆದು ಬಂದಿದೆ. ಶೃಂಗೇರಿ ಮಠದ ಸೋಪಾನದ ಬಳಿ ತುಂಗೆಯ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಭಕ್ತರು ಎಸೆಯುವ ಮಂಡಕ್ಕಿಗೆ ಅವು ಮೆಟ್ಟಿಲಿನವರೆಗೂ ಬರುತ್ತವೆ. ಹೆರಿಗೆಯ ಸಂಕಟದಲ್ಲಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟ ಕಥೆ ಊರಿನ ಸ್ಥಳಪುರಾಣಕ್ಕೇ ಸೇರಿದ್ದು. ಕಿಗ್ಗದ ದೇವರು ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದನೆಂದು ಹೇಳುವ ಋಷ್ಯಶೃಂಗ. ಮಠದ ಸುತ್ತಣ ಬ್ರಾಹ್ಮಣ ಮನೆಗಳು ಬೇಟೆಯಿಂದ ದೂರವಿದ್ದರೆ, ಒಕ್ಕಲಿಗ ಮನೆಗಳ ಕೋವಿಯೂ ಹಸಲರು, ಗೌಡಲು ಮುಂತಾದ ಬುಡಕಟ್ಟಿನವರ ಜಾಡಿನ ಅರಿವೂ ಕೂಡಿ ಬೇಟೆ ನಡೆಯುತ್ತಿತ್ತು. ಕೋವಿ ಇದ್ದವರ ಹೆಸರು ಉಳಿಯಿತು, ಜಾಡು ಬಲ್ಲವರ ಹೆಸರು ಬಹಳ ಸಲ ಉಳಿಯಲಿಲ್ಲ. ಈ ವಿಷಯದ ಯಾವ ಬರಹವನ್ನು ಓದುವಾಗಲೂ ಇದನ್ನು ನೆನಪಿನಲ್ಲಿಡಬೇಕು.

ಸೋವು ಮತ್ತು ಮರಸು

ಬೇಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಹಗಲಿನ ಗುಂಪು ಬೇಟೆಯಲ್ಲಿ ಕಾಡನ್ನು ಸೋವುತ್ತಾರೆ. ಹಳು ನುಗ್ಗುವವರು ಒಂದು ಮಗ್ಗುಲಿನಿಂದ ಕೂಗು ಹಾಕುತ್ತ, ಮರಕ್ಕೆ ಬಡಿಯುತ್ತ, ನಾಯಿಗಳನ್ನು ಛೂ ಬಿಡುತ್ತ ಬರುತ್ತಾರೆ. ಇನ್ನೊಂದು ಮಗ್ಗುಲಿನಲ್ಲಿ, ಪ್ರಾಣಿ ದಾಟಲೇಬೇಕಾದ ಕಂಡಿಗಳಲ್ಲಿ ಕೋವಿಯವರು ನಿಲ್ಲುತ್ತಾರೆ. ಹಾಗೆ ನಿಲ್ಲುವುದಕ್ಕೆ ‘ಬಿಲ್ಲಿಗೆ ನಿಲ್ಲುವುದು’ ಎಂದೇ ಹೆಸರು. ಬಿಲ್ಲು ಹೋಗಿ ಕೋವಿ ಬಂದು ತಲೆಮಾರುಗಳು ಕಳೆದರೂ ಮಾತು ಬದಲಾಗಲಿಲ್ಲ. ಯಾವ ಕಂಡಿಗೆ ಯಾರು ಎಂಬುದನ್ನು ಹಿರಿಯನೊಬ್ಬ ತೀರ್ಮಾನಿಸುತ್ತಿದ್ದ, ಬಿಲ್ಲಿಗೆ ನಿಂತವನು ಕರೆಯುವವರೆಗೆ ಜಾಗ ಬಿಡುವಂತಿರಲಿಲ್ಲ. ಹಳುವಿನಲ್ಲಿ ಅಲುಗಿದ್ದು ಹಂದಿಯೋ ಮನುಷ್ಯನೋ ತಿಳಿಯದ ಕಾಡಿನಲ್ಲಿ ಜೀವ ಉಳಿಸುವ ಕಟ್ಟಳೆ ಇದೊಂದೇ.

ಬೇಟೆಯ ನಡೆಯನ್ನು ದೂರದಲ್ಲಿದ್ದವರು ನಾಯಿಯ ದನಿಯಿಂದಲೇ ತಿಳಿಯುತ್ತಿದ್ದರು. ಜಾಡು ಸಿಕ್ಕಾಗಿನ ಬಿಟ್ಟು ಬಿಟ್ಟು ಬರುವ ಬೊಗಳು, ಅಟ್ಟಿಕೊಂಡು ಹೋಗುವಾಗಿನ ಒಂದೇ ಸಮನೆಯ ದನಿ, ಒಂಟಿಗ ಹಂದಿ ಬಂಡೆಗೋ ಮರದ ಬುಡಕ್ಕೋ ಬೆನ್ನುಕೊಟ್ಟು ತಿರುಗಿ ನಿಂತಾಗಿನ ಗಲಾಟೆ, ಮೂರೂ ಬೇರೆ ಬೇರೆ. ಸಾಕಿದ್ದು ಊರ ನಾಯಿಗಳನ್ನೇ. ಮಾಂಸ ಹಂಚುವಾಗ ಮೊದಲ ಈಡು ಹೊಡೆದವನಿಗೆ ಹೆಚ್ಚಿನ ಪಾಲು, ಹಳು ನುಗ್ಗಿದವರಿಗೆಲ್ಲ ಪಾಲು, ನಾಯಿಗೂ ಪಾಲು ಸಾಮಾನ್ಯವಾಗಿ ಸಲ್ಲುತ್ತಿದ್ದವು. ಯುಗಾದಿಯ ಆಸುಪಾಸಿನ ಬೇಟೆಗೆ ಹಬ್ಬದ ಕಳೆ ಇರುತ್ತಿತ್ತು.

ಮರಸು ಒಬ್ಬಿಬ್ಬರ ರಾತ್ರಿಬೇಟೆ. ಹಣ್ಣು ಉದುರುವ ಮರದ ಮೇಲೆ, ಗದ್ದೆಯಂಚಿನಲ್ಲಿ, ನೀರಿನ ಬಳಿ ಅಟ್ಟಣೆ ಕಟ್ಟಿ ಸದ್ದಿಲ್ಲದೆ ಕೂರುವುದು. ಗಾಳಿ ತನ್ನ ಕಡೆಯಿಂದ ಪ್ರಾಣಿಯ ಕಡೆಗೆ ಬೀಸುತ್ತಿದ್ದರೆ ಆ ರಾತ್ರಿ ದಂಡ. ಬ್ಯಾಟರಿ ದೀಪ ಬಂದ ಮೇಲೆ ಮರಸಿನ ತಾಳ್ಮೆ ಹೋಗಿ ಬೆಳಕುಬೇಟೆ ಹೆಚ್ಚಿತು. ಕಡವೆ, ಕಾಟಿ, ಚಿರತೆಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿದೆ. ದೀಪ ಬಿದ್ದೊಡನೆ ಕಣ್ಣು ಹೊಳೆಯುತ್ತದೆ, ಪ್ರಾಣಿ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ. ಹಂದಿಯ ಕಣ್ಣಿಗೆ ಆ ಪದರವಿಲ್ಲ. ಮಲೆನಾಡಿನ ವನ್ಯಜೀವಿಗಳಿಗೆ ಹೆಚ್ಚು ಹಾನಿ ಮಾಡಿದ್ದು ಕೋವಿಗಿಂತ ಈ ದೀಪ ಮತ್ತು ಅದನ್ನು ಕಾಡಿನೊಳಗೆ ಒಯ್ದ ಜೀಪು ರಸ್ತೆ ಎಂಬುದು ಈ ಲೇಖಕನ ಅಭಿಪ್ರಾಯ. ಕಬ್ಬಿಣದ ತಂತಿಯ ಉರುಳಂತೂ ಗಬ್ಬದ ಪ್ರಾಣಿ, ಮರಿ ಎಂಬ ಭೇದವನ್ನೇ ಅರಿಯದು.

ಕೇಪಿನ ಕೋವಿ

ಈ ಸೀಮೆಯ ಬೇಟೆಯನ್ನು ಅರ್ಥಮಾಡಿಕೊಳ್ಳಲು ಕೇಪಿನ ಕೋವಿಯನ್ನು ಬಿಡಿಬಿಡಿಯಾಗಿ ನೋಡುವುದು ಅವಶ್ಯ. ಇದು ಬಾಯಿಯಿಂದ ತುಂಬುವ ಒಂಟಿನಳಿಗೆ. ಮೊದಲು ಅಳತೆಯ ಕರಿಮದ್ದು ಸುರಿಯಬೇಕು. ಪೆಟ್ಲುಪ್ಪು ನೂರಕ್ಕೆ ಸುಮಾರು 75, ಇದ್ದಲು 15, ಗಂಧಕ 10, ಇದು ಅದರ ಹೆಸರಾಂತ ಪ್ರಮಾಣ. ಅದರ ಮೇಲೆ ತೆಂಗಿನ ನಾರನ್ನೋ ಹಳೆ ಬಟ್ಟೆಯನ್ನೋ ಉಂಡೆಮಾಡಿ ‘ಗಜ’ ಎಂಬ ಸಲಾಕೆಯಿಂದ ಗಟ್ಟಿಸಬೇಕು. ಆಮೇಲೆ ಗುಂಡು ಅಥವಾ ಚರೆ, ಅದು ಜಾರದಂತೆ ಮತ್ತೊಂದು ಉಂಡೆ. ಒಳಗಿಟ್ಟ ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತೆಂಬುದರ ಮೇಲೆ ಈಡಿನ ಬಲ ಅಳೆಯುತ್ತಿದ್ದರು. ಹಕ್ಕಿಗೆ ಕಡಿಮೆ ಬೆರಳು, ಹಂದಿಗೆ ಹೆಚ್ಚು. ಕೊನೆಗೆ ಹಿಂಬದಿಯ ಮೊಲೆಗೆ ತಾಮ್ರದ ಕೇಪನ್ನು ತೊಡಿಸಿ ಕುದುರೆಯನ್ನು ಎಳೆದಿಟ್ಟರೆ ಕೋವಿ ಸಿದ್ಧ. ಕುದುರೆ ಬಡಿದಾಗ ಕೇಪಿನೊಳಗಿನ ಮದ್ದು ಸಿಡಿದು, ಕಿಡಿ ಮೊಲೆಯ ತೂತಿನಿಂದ ಒಳಗಿಳಿಯುತ್ತದೆ.

ಈ ವಿವರಗಳಿಂದ ಬೇಟೆಯ ನೀತಿಯೇ ರೂಪುಗೊಂಡಿತು. ಒಂದು ಈಡಾದರೆ ಮತ್ತೆ ತುಂಬಲು ನಿಮಿಷಗಳು ಬೇಕು. ಗಾಯಗೊಂಡ ಹಂದಿ ಅಷ್ಟು ಸಮಯ ಕೊಡುವುದಿಲ್ಲ. ಹಾಗಾಗಿ ತೀರ ಹತ್ತಿರ ಬರುವವರೆಗೆ ಕಾಯುವುದು, ಖಚಿತವಿಲ್ಲದೆ ಹೊಡೆಯದಿರುವುದು ಗುಣವಷ್ಟೇ ಅಲ್ಲ, ಅನಿವಾರ್ಯ. ಕರಿಮದ್ದು ತೇವ ಹೀರುತ್ತದೆ. ಮಳೆಗಾಲದಲ್ಲಿ ಕೇಪು ಟಸಕ್ಕೆಂದು ಸುಮ್ಮನಾಗುವುದು ಸಾಮಾನ್ಯ, ಅದಕ್ಕೇ ಕೋವಿಯನ್ನು ಅಡುಗೆಮನೆಯ ಒಲೆಯ ಮೇಲುಗಡೆ ಹೊಗೆ ತಾಗುವಲ್ಲಿ ಇಡುತ್ತಿದ್ದ ಮನೆಗಳಿದ್ದವು. ಹೊಡೆದೊಡನೆ ಏಳುವ ಬಿಳಿಹೊಗೆ ಗಾಳಿಯಿಲ್ಲದ ಕಾನಿನಲ್ಲಿ ತೂಗಿ ನಿಲ್ಲುತ್ತದೆ. ಪ್ರಾಣಿ ಬಿತ್ತೋ ಓಡಿತೋ ಹೊಡೆದವನಿಗೇ ಕಾಣದು, ಕಿವಿಯಿಂದಲೇ ತಿಳಿಯಬೇಕು.

ತೋಟಾಕೋವಿ ಅನುಕೂಲಸ್ಥರ ಮನೆಗೆ ಮೊದಲು ಬಂತು. ಅದರಲ್ಲಿ ಹನ್ನೆರಡು ಬೋರಿನ ಜೋಡುನಳಿಗೆಗೆ ಮರ್ಯಾದೆ ಹೆಚ್ಚು. ನಳಿಗೆಯ ಬಾಯಗಲದ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುವಂತಿದ್ದರೆ ಅದು ಹನ್ನೆರಡು ಬೋರು. ಬಾಯಗಲ ಸುಮಾರು 18.5 ಮಿಲಿಮೀಟರ್. ಎಲ್.ಜಿ., ಎಸ್.ಜಿ. ಎಂಬ ದಪ್ಪ ಚರೆಯ ತೋಟಾಗಳು ದೊಡ್ಡ ಮಿಕಕ್ಕೆ, ಸಣ್ಣ ಚರೆಯವು ಕಾಡುಕೋಳಿಗೆ. ನಲವತ್ತು ಮೀಟರಿನಾಚೆ ಚರೆ ಚದುರಿ ದುರ್ಬಲವಾಗುತ್ತದೆ, ಆದರೆ ಹಳುವಿನಲ್ಲಿ ಅಷ್ಟು ದೂರ ಕಾಣುವ ಪ್ರಶ್ನೆಯೇ ಇಲ್ಲ. ಇಂದು ಉಳಿದಿರುವ ಪರವಾನಗಿಯ ಕೋವಿಗಳಲ್ಲಿ ಹೆಚ್ಚಿನವು ಬೆಳೆರಕ್ಷಣೆಯ ಹೆಸರಿನವು. ಚುನಾವಣೆ ಬಂದಾಗಲೆಲ್ಲ ಅವನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಉಳಿದ ಉಡುಪು ಸರಳ: ಕಂಬಳಿಕೊಪ್ಪೆ, ಅಡಿಕೆ ಹಾಳೆಯ ಟೊಪ್ಪಿ, ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ಉಂಬಳಕ್ಕೆ (ಜಿಗಣೆಗೆ) ಸುಣ್ಣ ಮತ್ತು ಹೊಗೆಸೊಪ್ಪು.

ಪ್ರಾಣಿಗಳು

ಬೇಟೆಯ ಮುಖ್ಯ ಗುರಿ ಹಂದಿ. ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಉತ್ತು ಹಾಕುವ ಪ್ರಾಣಿಯಾದ್ದರಿಂದ ಅದರ ಬೇಟೆಗೆ ಬೇಸಾಯದ ಸಮರ್ಥನೆಯೂ ಇತ್ತು. ಕಡವೆ, ಕಾಡುಕುರಿ, ಮೊಲದಷ್ಟೇ ಗಾತ್ರದ ಬರ್ಕ, ಮುಳ್ಳುಹಂದಿ, ಕಾಡುಕೋಳಿ ಆಮೇಲಿನವು. ಕಾಟಿಯನ್ನು ಕೇಪಿನ ಕೋವಿಯಿಂದ ಕೆಣಕಲು ಅಂಜುತ್ತಿದ್ದವರೇ ಹೆಚ್ಚು. ಶೋಲಾ ಮತ್ತು ಕಾನಿನ ಸಿಂಗಳೀಕ, ಕೆಂಜಳಿಲು, ಮಂಗಟ್ಟೆ ಹಕ್ಕಿ, ಹಾರುಬೆಕ್ಕು ಎತ್ತರದ ಮರಗಳನ್ನೇ ನಂಬಿದ ಜೀವಿಗಳು, ಅವುಗಳ ಅಳಿವಿಗೆ ಬೇಟೆಯಷ್ಟೇ ಮರ ಕಡಿದದ್ದೂ ಕಾರಣ. ಕಾಳಿಂಗ ಸರ್ಪಕ್ಕೆ ಈ ಘಟ್ಟದಂಚು ನೆಚ್ಚಿನ ನೆಲೆ. ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದ್ದು ಈ ಹಾವಿನ ಸಲುವಾಗಿಯೇ.

ಬರಹದಲ್ಲಿ ಬೇಟೆ

ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ‘ಮಲೆನಾಡಿನ ಚಿತ್ರಗಳು’ ಮತ್ತು ಕಾದಂಬರಿಗಳಲ್ಲಿ ಸೋವು, ಮರಸು, ಕೇಪು, ಹಳು ಎಂಬ ಮಾತುಗಳು ಬಳಕೆಯ ಸಂದರ್ಭದೊಡನೆ ಉಳಿದಿವೆ. ನಿಘಂಟುಗಳಿಗಿಂತ ಅವು ಹೆಚ್ಚು ಆಧಾರಯೋಗ್ಯ. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರ (1938–2007) ‘ಪರಿಸರದ ಕತೆ’ಯಲ್ಲಿ ಷಿಕಾರಿಯ ಹುಮ್ಮಸ್ಸು ನಿಧಾನವಾಗಿ ಗಮನಿಸುವ ಕುತೂಹಲವಾಗಿ ತಿರುಗುತ್ತದೆ. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಘಟ್ಟದ ಕೆಳಗಿನ ಪದ್ಧತಿಯನ್ನು ಹೋಲಿಸಿ ನೋಡಲು ಒದಗುತ್ತದೆ.

ಕಾನೂನು

ಮೈಸೂರು ಸರ್ಕಾರ 1951ರಲ್ಲಿ ಜಾಗರ ಕಣಿವೆಯನ್ನು ಅಭಯಧಾಮವೆಂದು ಸಾರಿತು. ಅದೇ ಮುಂದೆ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಪರವಾನಗಿ ಪಡೆದ ಬೇಟೆಗೆ ಎಡೆ ಇಟ್ಟಿತ್ತು. 1991ರ ತಿದ್ದುಪಡಿ ಆ ಪದ್ಧತಿಯನ್ನೇ ತೆಗೆದುಹಾಕಿತು.

ಚಾರಣ

ನರಸಿಂಹ ಪರ್ವತಕ್ಕೆ ಕಿಗ್ಗದಿಂದಲೂ ಆಗುಂಬೆ ಕಡೆಯ ಮಲಂದೂರಿನಿಂದಲೂ ದಾರಿಗಳಿವೆ. ಕುದುರೆಮುಖ ಶಿಖರಕ್ಕೆ ಮುಳ್ಳೋಡಿಯಿಂದ ಹತ್ತುತ್ತಾರೆ. 2003ರಿಂದ ಹಲವು ವರ್ಷ ನಕ್ಸಲ್ ಚಟುವಟಿಕೆ ಮತ್ತು ಪೊಲೀಸ್ ಶೋಧದಿಂದಾಗಿ ಈ ಕಾಡುಗಳಲ್ಲಿ ಹೊರಗಿನವರ ಓಡಾಟ ತಗ್ಗಿತ್ತು. ಈಗ ದಟ್ಟಣೆಯೇ ತೊಡಕು. 2024ರಲ್ಲಿ ಅರಣ್ಯ ಇಲಾಖೆ ಮುಂಗಡ ನೋಂದಣಿಯ ವ್ಯವಸ್ಥೆ ತಂದು ಚಾರಣಿಗರ ದಿನದ ಸಂಖ್ಯೆಗೆ ಮಿತಿ ಹಾಕಿತು. ಕಾಡ್ಗಿಚ್ಚಿನ ಕಾಲದಲ್ಲಿ ದಾರಿಗಳನ್ನು ಮುಚ್ಚುವುದುಂಟು.

ಮಳೆಗಾಲದ ನಡಿಗೆಗೆ ಉಂಬಳ ಕಾಟವೇ ಹೊರತು ಅಪಾಯವಲ್ಲ. ನಿಜವಾದ ಅಪಾಯ ಒಣಗಾಲದ ಉಣುಗಿನದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ತುಂಬುತೋಳಿನ ಬಟ್ಟೆ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ, ಮರಳಿದ ಮೇಲೆ ಬಿಸಿನೀರಿನ ಸ್ನಾನ ಕಡ್ಡಾಯವೆಂದೇ ತಿಳಿಯಬೇಕು. ಮಂಗ ಸತ್ತುಬಿದ್ದ ಜಾಗಕ್ಕೆ ಹೋಗಕೂಡದು. ಆನೆಯ ಓಡಾಟ ಹೆಚ್ಚಿರುವುದರಿಂದ ಮುಂಜಾನೆ, ಮುಸ್ಸಂಜೆ ಒಬ್ಬರೇ ನಡೆಯುವುದೂ ಸಲ್ಲದು.

ಬೇಟೆಗಾರರು ಬಿಲ್ಲಿಗೆ ನಿಲ್ಲುತ್ತಿದ್ದಂಥ, ಪ್ರಾಣಿ ದಾಟಲೇಬೇಕಾದ ಇಕ್ಕಟ್ಟಿನ ದಾರಿಯ ಅರಿವು ಭದ್ರಾದ ಹುಲಿಗಣತಿಗೂ ಬೇಕಾಯಿತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಬಳಸಿದ ಕ್ಯಾಮೆರಾ ಬಲೆಗಳನ್ನು ಅಂಥ ಕಂಡಿಗಳಲ್ಲೇ ಕಟ್ಟುತ್ತಾರೆ. ಹುಲಿಯನ್ನು ಗುರುತಿಸುವುದು ಪಟ್ಟೆಗಳಿಂದ; ಅದರ ಎರಡು ಮಗ್ಗುಲಿನ ಪಟ್ಟೆಗಳು ಬೇರೆ ಬೇರೆ ಇರುವುದರಿಂದ, ದಾರಿಯ ಆಚೆಗೊಂದು ಈಚೆಗೊಂದು, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ.