‘ನಿದ್ರೆಹೋದವರು’: ಹೊಳಗುಂದ ಸೀಮೆಯಲ್ಲಿ ಒಂದು ಗ್ರೀಕ್ ಪದ

ಇವತ್ತಿನ ಮಾತು ಒಂದೇ ಪದದ ಸುತ್ತ. ಹೊಳಗುಂದ, ಆಲೂರು, ಆದವಾನಿ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕನ್ನಡದಲ್ಲಿ ‘ಪ್ರಭುವಿನಲ್ಲಿ ನಿದ್ರಿಸಿದರು’ ಅಂತಾರೆ, ತೆಲುಗಿನಲ್ಲಿ ‘ಪ್ರಭುವುನಂದು ನಿದ್ರಿಂಚಾರು’ ಅಂತಾರೆ. ಹೊರಗಿನವರು ಇದನ್ನು ಸಾವನ್ನು ಮೆತ್ತಗೆ ಹೇಳುವ ಮರ್ಯಾದೆಯ ಮಾತು ಅಂದುಕೊಳ್ತಾರೆ. ಅಷ್ಟೇ ಆಗಿದ್ರೆ ನಾವು ಇವತ್ತು ಸೇರಬೇಕಾಗಿರಲಿಲ್ಲ.

ಮೂಲದ ಗ್ರೀಕ್ ಕ್ರಿಯಾಪದ ‘ಕೊಯ್ಮಾವೋ’. ಅರ್ಥ ಮಲಗಿಸು, ಮಲಗು, ನಿದ್ದೆಹೋಗು. ಇದನ್ನು ಕ್ರೈಸ್ತರು ಹುಟ್ಟಿಸಿದ್ದಲ್ಲ. ಇಲಿಯಡ್‌ನ 11ನೆಯ ಪರ್ವದಲ್ಲಿ ಯುದ್ಧದಲ್ಲಿ ಬಿದ್ದ ಒಬ್ಬ ತರುಣನಿಗೆ ಹೋಮರ್ ಇದೇ ಪದ ಬಳಸ್ತಾನೆ, ಅದು ಕಂಚಿನಂಥ ನಿದ್ದೆ. ಹೀಬ್ರೂ ಗ್ರಂಥದ ಗ್ರೀಕ್ ಅನುವಾದದಲ್ಲಿ ದಾವೀದನಾದಿಯಾಗಿ ರಾಜರು ತಮ್ಮ ಪಿತೃಗಳ ಸಂಗಡ ಮಲಗ್ತಾರೆ. ಹೊಸ ಒಡಂಬಡಿಕೆಯಲ್ಲಿ ಈ ಪದ 18 ಸಲ ಬರುತ್ತೆ. 4 ಕಡೆ ನಿಜವಾದ ನಿದ್ದೆ, ಉಳಿದ 14 ಕಡೆ ಸಾವು. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಈ ಎರಡರ್ಥವೇ ಗೊಂದಲಕ್ಕೆ ಕಾರಣ. ಲಾಜರ ಮಲಗಿದ್ದಾನೆ ಅಂತ ಯೇಸು ಅಂದಾಗ ಶಿಷ್ಯರು, ಹಾಗಾದ್ರೆ ಹುಷಾರಾಗ್ತಾನೆ ಬಿಡಿ ಅಂತಾರೆ. ಆಮೇಲೆ ಯೇಸು ಬಿಚ್ಚಿ ಹೇಳಬೇಕಾಗುತ್ತೆ, ಸತ್ತ ಅಂತ. ಅಲ್ಲಿ ಬರೋದು ಬೇರೆ ಕ್ರಿಯಾಪದ, ‘ಅಪೊಥ್ನೇಸ್ಕೋ’.

ಈಗ ನಮ್ಮ ಸೀಮೆಗೆ ಬರೋಣ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಇದೂ ಸೇರಿತ್ತು. ಆಮೇಲೆ ಬಹುಕಾಲ ಬಳ್ಳಾರಿ ಜಿಲ್ಲೆಯ ಭಾಗ. ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋಗಿದ್ದು 1953ರಲ್ಲಿ. ಹಾಗಾಗಿ ಇಲ್ಲಿಯ ಕನ್ನಡ ಬೈಬಲಿನ ಕತೆ ಬಳ್ಳಾರಿಯಿಂದಲೇ ಶುರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮುಂದೆ ಅದನ್ನು ಹಲವರು ತಿದ್ದಿದರು.

ಸಾವಿಗೆ ಈ ಸೀಮೆಯಲ್ಲಿ ಪದಗಳಿಗೇನು ಬರ? ಲಿಂಗೈಕ್ಯ, ಶಿವೈಕ್ಯ, ಬಯಲಾದರು. ಪಕ್ಕದ ಮಂತ್ರಾಲಯದಲ್ಲಿ 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದರು, ಭಕ್ತರು ಅದನ್ನು ಸಾವು ಅನ್ನೋದೇ ಇಲ್ಲ. ಎಲ್ಲವೂ ಘನವಾದ ಪದಗಳು. ಆದರೆ ಐಕ್ಯವಾದವನು ಏಳೋದಿಲ್ಲ, ಎದ್ದರೆ ಅದು ಐಕ್ಯವೇ ಅಲ್ಲ. ಲಿಂಗಾಯತರು ದೇಹವನ್ನು ಕೂರಿಸಿ ಮಣ್ಣು ಮಾಡ್ತಾರೆ, ಕ್ರೈಸ್ತರು ಮಲಗಿಸ್ತಾರೆ. ಪದಗಳ ಅಂತರ ಗುಣಿಯಲ್ಲೇ ಕಾಣುತ್ತೆ.

ನಿದ್ದೆಗೆ ಜೋಡಿಪದ ಬೇಕು: ಏಳು. ಗ್ರೀಕಿನಲ್ಲಿ ಸತ್ತವರನ್ನು ಎಬ್ಬಿಸುವುದಕ್ಕೆ ಬಳಸುವ ‘ಎಗೇರೋ’ ಮಲಗಿದವರನ್ನು ಎಬ್ಬಿಸುವ ದಿನಬಳಕೆಯ ಪದವೇ. ಕನ್ನಡದಲ್ಲೂ ಹಾಗೇ ಕೂಡಿಬಂತು. ಬೆಳಿಗ್ಗೆ ತಾಯಿ ‘ಏಳಪ್ಪಾ, ಹೊತ್ತಾತು’ ಅಂತಾಳಲ್ಲ, ಆ ‘ಏಳು’ವೇ ಸತ್ಯವೇದದಲ್ಲೂ ಇದೆ. ‘ಪುನರುತ್ಥಾನ’ ಅಂದ ಕೂಡಲೇ ಈ ಜೋಡಿ ಕಳಚಿಹೋಗುತ್ತೆ. ನನಗೆ ಆ ಪದ ಯಾವತ್ತೂ ಹಿಡಿಸಿಲ್ಲ.

ಹೋದ ಸಲ ಒಬ್ಬರು ಕೇಳಿದ್ದರು: ಹಾಗಾದ್ರೆ ಯೇಸುವೂ ನಿದ್ರೆಹೋದ ಅನ್ನಬಹುದಾ? ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯ, 14ನೆಯ ವಚನ ನೋಡಿ. ಒಂದೇ ವಾಕ್ಯದಲ್ಲಿ ಪೌಲ ಎರಡು ಕ್ರಿಯಾಪದ ಇಡ್ತಾನೆ. ಯೇಸು ಸತ್ತ, ಅವನವರು ನಿದ್ರೆಹೋದರು. ಯೇಸುವಿನ ಸಾವಿಗೆ ಪೌಲ ಎಲ್ಲೂ ‘ಕೊಯ್ಮಾವೋ’ ಬಳಸಲ್ಲ. ಇದು ಬರೀ ಮೆತ್ತನೆಯ ಮಾತಾಗಿದ್ದರೆ ಆ ಗೌರವ ಮೊದಲು ಯೇಸುವಿಗೇ ಸಲ್ಲಬೇಕಿತ್ತು. ಒಬ್ಬನ ಸಾವು ಪೂರ್ತಿ ಸಾವಾಗಿದ್ದರಿಂದ ಉಳಿದವರದ್ದು ನಿದ್ದೆ ಆಯಿತು. ನಾನು ಓದಿಕೊಳ್ಳೋದು ಹೀಗೆ.

ಆದರೂ ಪೌಲನ ಬಳಕೆ ಎಲ್ಲ ಕಡೆ ಇಷ್ಟು ಬಿಗಿಯಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಗಂಡ ಇಲ್ಲವಾದರೆ ಹೆಂಡತಿ ಮತ್ತೆ ಮದುವೆಯಾಗಬಹುದು ಅನ್ನುವ ಕಡೆಯೂ ಇರುವುದು ಇದೇ ಪದ. ಅಲ್ಲಿ ನಮ್ಮ ಅನುವಾದಕರು ಜಾಣರು, ‘ಸತ್ತರೆ’ ಅಂತಲೇ ಬರೆದರು. ಇಲ್ಲದಿದ್ದರೆ ಊಟ ಮಾಡಿ ಮಧ್ಯಾಹ್ನ ಒಂದು ಗಳಿಗೆ ಅಡ್ಡಾದ ಗಂಡಂದಿರ ಗತಿ ಏನು!