ಬಿಸಿನೀರಿನ ಜಳಕ, ಮೂರ್ಛೆ ಮತ್ತು ಮಿದುಳಿನ ರಕ್ತಹರಿವು

ಮೂರ್ಛೆ ಬಂದಾಗ ಮಿದುಳಿನ ಯಾವ ಭಾಗ ಕೆರಳಿತು ಎಂದು ತಿಳಿಯಲು ಅಲ್ಲಿನ ರಕ್ತದ ಹರಿವು ಒಳ್ಳೆಯ ಸುಳಿವು. ನರಕೋಶಗಳು ಹೆಚ್ಚು ದುಡಿದಲ್ಲಿ ರಕ್ತವೂ ಹೆಚ್ಚು ಹರಿಯುತ್ತದೆ ಎಂಬ ವಾದವನ್ನು ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಮಂಡಿಸಿದ್ದರು. ಆದರೆ ಸೆಳವು ಹೇಳಿಕೇಳಿ ಬರುವುದಿಲ್ಲ. ಆ ಗಳಿಗೆಯ ಹರಿವನ್ನು ಚಿತ್ರದಲ್ಲಿ ಹಿಡಿಯುವುದೇ ಕಷ್ಟ. ಈ ತೊಡಕನ್ನು ದಾಟುವ ಅಪರೂಪದ ಅವಕಾಶ ಕರ್ನಾಟಕದ ಬಿಸಿನೀರಿನ ಮೂರ್ಛೆಯಲ್ಲಿದೆ ಎಂಬುದು ಈ ಲೇಖನದ ವಾದ.

ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಈ ಮೂರ್ಛೆಯನ್ನು 1945ರಲ್ಲಿ ನ್ಯೂಜಿಲೆಂಡಿನ ಬಾಲಕನೊಬ್ಬನಲ್ಲಿ ಗುರುತಿಸಲಾಯಿತು. 1968ರಲ್ಲಿ ಕೆ.ಎಸ್. ಮಣಿ ಮತ್ತು ಸಂಗಡಿಗರು ಬೆಂಗಳೂರಿನಿಂದ ವರದಿ ಮಾಡಿದರು. 1988ರಲ್ಲಿ ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಿನವರಲ್ಲಿ ತೊಂದರೆ ಶುರುವಾಗುವುದು ಬಾಲ್ಯದಲ್ಲಿ, ಗಂಡುಮಕ್ಕಳೇ ಹೆಚ್ಚು. ಹಂಡೆಯ ನೀರನ್ನು ಚೊಂಬಿನಿಂದ ಮೊಗೆದು ಒಂದೇ ಸಮನೆ ನೆತ್ತಿಗೆ ಸುರಿಯುವ ನಮ್ಮ ರೂಢಿಯೇ ಇಲ್ಲಿ ಪ್ರಚೋದನೆ. ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೊದಲು ದಿಗ್ಭ್ರಮೆ, ನೆಟ್ಟ ನೋಟ, ಅರ್ಥವಿಲ್ಲದ ಮಾತು. ಕೆಲವರಿಗೆ ಮೈಯೆಲ್ಲ ಸೆಳವು. ಇನ್ನು ಕೆಲವರಿಗೆ ಆ ಗಳಿಗೆ ಹಿತವೆನಿಸಿ, ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಬಹುಪಾಲು ಏನೂ ಕಾಣದು. ಮಿದುಳಿನ ರಚನೆ ಸರಿಯಾಗಿಯೇ ಇರುತ್ತದೆ.

ರಚನೆ ಉತ್ತರ ಕೊಡದಿದ್ದಾಗ ಹರಿವನ್ನು ಕೇಳಬೇಕು. ಅದಕ್ಕಿರುವ ಒಂದು ಚಿತ್ರಣ ವಿಧಾನ ಸ್ಪೆಕ್ಟ್. ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆಸಿದ ಇಸಿಡಿ ಎಂಬ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿದರೆ ಒಂದೆರಡು ನಿಮಿಷದಲ್ಲೇ ಅದು ಮಿದುಳಿನ ಕೋಶಗಳನ್ನು ಸೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚು ರಕ್ತ ಹರಿದ ಜಾಗದಲ್ಲಿ ಹೆಚ್ಚು ನಿಲ್ಲುತ್ತದೆ. ಈ ಟೆಕ್ನೀಷಿಯಂನ ಅರ್ಧಾಯುಷ್ಯ 6 ತಾಸು. ಹಾಗಾಗಿ ಸೆಳವು ಇಳಿದು ರೋಗಿ ಶಾಂತವಾದ ಮೇಲೆ ಕ್ಯಾಮೆರಾದಡಿ ಮಲಗಿಸಿದರೂ ಸಿಗುವುದು ಚುಚ್ಚಿದ ಹೊತ್ತಿನ ಚಿತ್ರವೇ. ಚುಚ್ಚುವುದು ತಡವಾದರೆ ಮಾತ್ರ ಎಲ್ಲ ಕೆಡುತ್ತದೆ. ಸೆಳವು ಮುಗಿದೊಡನೆ ಅದೇ ಜಾಗದಲ್ಲಿ ಹರಿವು ತಗ್ಗುತ್ತದೆ, ಚಿತ್ರದ ಅರ್ಥ ತಿರುವುಮುರುವಾಗುತ್ತದೆ. ಬೇರೆ ಮೂರ್ಛೆಗಳಲ್ಲಿ ಈ ವಸ್ತುವನ್ನು ಸಿದ್ಧವಿಟ್ಟು ರೋಗಿಯ ಬಳಿ ದಿನಗಟ್ಟಲೆ ಕಾಯುವುದು ಇದಕ್ಕೇ. ಇಲ್ಲಿ ನೀರು ಸುರಿದಾಗ ಸೆಳವು ಬರುವ ಸಂಭವ ಮೊದಲೇ ಗೊತ್ತಿರುವುದರಿಂದ ಸೂಜಿಯನ್ನು ಆ ಕ್ಷಣಕ್ಕೆ ಹೊಂದಿಸಬಹುದು. ಇಂಥ ಪರೀಕ್ಷೆಗೆ ಆಸ್ಪತ್ರೆ, ಇ.ಇ.ಜಿ. ಮತ್ತು ತಜ್ಞರ ಕಾವಲು ಬೇಕೇ ಬೇಕು. ಮನೆಯಲ್ಲಿ ಪರೀಕ್ಷಿಸಿ ನೋಡುವುದು ಅಪಾಯ.

ಸತೀಶ್‌ಚಂದ್ರ ಮತ್ತು ಸಂಗಡಿಗರ ಇಂಥ ಸ್ಪೆಕ್ಟ್ ಅಧ್ಯಯನದಲ್ಲಿ ಟೆಂಪೊರಲ್ ಹಾಲೆಯ ಒಳಭಾಗದಲ್ಲೂ ಹೈಪೊಥಲಾಮಸ್‌ನಲ್ಲೂ ಹರಿವು ಏರಿದ್ದು ಕಂಡಿತು. ಮೈಯ ಶಾಖವನ್ನು ಹತೋಟಿಯಲ್ಲಿಡುವುದು ಹೈಪೊಥಲಾಮಸ್. ನೆತ್ತಿಯ ಬಿಸಿಗೂ ಸೆಳವಿಗೂ ನಡುವಿನ ಕೊಂಡಿ ಅಲ್ಲಿರಬಹುದೆಂಬ ಊಹೆಗೆ ಇದರಿಂದ ಬಲ ಬಂದಿದೆ. ಊಹೆ ಎಂದೇ ಹೇಳುತ್ತೇನೆ: ಸೆಳವು ಹರಡಿದ ದಾರಿಯಲ್ಲೂ ರಕ್ತ ಏರುತ್ತದೆ, ಎಲ್ಲಿ ಹುಟ್ಟಿತು ಎಂಬುದನ್ನು ಚಿತ್ರವೊಂದೇ ನಿರ್ಧರಿಸದು. ಕೆಲವು ಕುಟುಂಬಗಳಲ್ಲಿ ಇದು ಹಲವರಿಗೆ ಬರುವುದರಿಂದ ವಂಶವಾಹಿಗಳ ಹುಡುಕಾಟವೂ ನಡೆದಿದೆ. ಹರಿವಿನ ಚಿತ್ರ, ವಂಶವಾಹಿ ಎರಡನ್ನೂ ಒಂದೇ ಕುಟುಂಬದಲ್ಲಿ ಕೂಡಿಸಿ ನೋಡಬೇಕು.

ಇಷ್ಟು ದಾಖಲೆ ಬಂದಿರುವುದು ಮುಖ್ಯವಾಗಿ ದಕ್ಷಿಣ ಕರ್ನಾಟಕದಿಂದ. ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ಕುರನೂರಿನಂಥ ಗಡಿಯ ಊರುಗಳಲ್ಲೂ ಹಂಡೆಯ ಬಿಸಿನೀರಿನ ಜಳಕ ಇದ್ದದ್ದೇ. ಮನೆಮಾತು ಕನ್ನಡ, ದೊಡ್ಡಾಸ್ಪತ್ರೆಗೆ ಸೋಲಾಪುರಕ್ಕೆ ಹೋದರೆ ಅಲ್ಲಿನ ವ್ಯವಹಾರ ಹೆಚ್ಚಾಗಿ ಮರಾಠಿಯಲ್ಲಿ. ಫಿಟ್ಸ್ ಬಂತೆಂದು ಮಗನನ್ನು ಕರೆತಂದ ತಾಯಿ, ಕೇಳದಿದ್ದರೆ, ಬಚ್ಚಲಿನ ವಿಷಯ ಎತ್ತಲಿಕ್ಕಿಲ್ಲ. ‘ಅವ್ವಾ, ತಲೀ ಮ್ಯಾಲ ಬಿಸಿನೀರ ಹಾಕಿದಾಗ ಹಿಂಗ ಆಗ್ತದೇನ್ರಿ?’ ಎಂದು ವೈದ್ಯರು ಕೇಳಿದರೆ ರೋಗ ಅರ್ಧ ಪತ್ತೆಯಾದಂತೆ. ನೀರನ್ನು ಉಗುರುಬೆಚ್ಚಗೆ ಮಾಡುವುದರಿಂದಲೇ ಹಲವರಿಗೆ ಸೆಳವು ನಿಲ್ಲುತ್ತದೆ. ಸಾಲದಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ, ಒಂದೂವರೆ-ಎರಡು ತಾಸು ಮೊದಲು, ಕ್ಲೋಬಜಾಮ್ ಗುಳಿಗೆಯನ್ನು ವೈದ್ಯರು ಬರೆದುಕೊಡುತ್ತಾರೆ. ಆ ಪ್ರಶ್ನೆಯನ್ನು ತಾಲ್ಲೂಕು ಮಟ್ಟದಲ್ಲೇ ಕೇಳಿ ಉತ್ತರವನ್ನು ಬರೆದಿಡುತ್ತ ಹೋದರೆ, ಸ್ಪೆಕ್ಟ್ ಮಾಡಿಸಬೇಕಾದ ಕೆಲವೇ ರೋಗಿಗಳು ಯಾರೆಂಬುದೂ ಅದರಿಂದಲೇ ಗೊತ್ತಾಗುತ್ತದೆ.