ಕಿಟಕಿ ಪುಟ್ಟಿ ಬದಲಾವಣೆ

ಮರದ ಚೌಕಟ್ಟಿನಲ್ಲಿ ಗಾಜನ್ನು ಹಿಡಿದಿಡುವ ಹಳೆಯ ಪುಟ್ಟಿಯನ್ನು ಕಿತ್ತು ಹೊಸದನ್ನು ತುಂಬುವ ದುರಸ್ತಿ ಕೆಲಸ. ಸಾಂಪ್ರದಾಯಿಕ ಪುಟ್ಟಿ ಎಂದರೆ ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಕಣಕ. ಗೋಡೆಗೆ ಬಳಿಯುವ ಸಿಮೆಂಟ್ ಪುಟ್ಟಿ ಈ ಕೆಲಸಕ್ಕೆ ಒದಗದು. ಎಣ್ಣೆಯು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಗಟ್ಟಿಯಾಗುತ್ತದೆ. ಅದೇ ಕ್ರಿಯೆ ದಶಕಗಳವರೆಗೆ ಮುಂದುವರಿದು ಪುಟ್ಟಿ ಪೆಡಸಾಗಿ ಬಿರಿಯುತ್ತದೆ. ಬಿರುಕಿಗಿಳಿದ ಮಳೆನೀರು ಸಾಮಾನ್ಯವಾಗಿ ಚೌಕಟ್ಟಿನ ಕೆಳಪಟ್ಟಿಯನ್ನೇ ಮೊದಲು ಕೊಳೆಸುತ್ತದೆ.

ಸಡಿಲಗೊಂಡ ಹಳೆಯ ಪುಟ್ಟಿ ಉಳಿಗೆ ಸುಲಭವಾಗಿ ಏಳುತ್ತದೆ. ಅಂಟಿಕೊಂಡದ್ದನ್ನು ಬಿಸಿಮಾಡಿ ಮೆದುಗೊಳಿಸಬೇಕು, ಆದರೆ ಶಾಖ ಗಾಜಿಗೆ ನೇರವಾಗಿ ತಗುಲಿದರೆ ಅದು ಬಿರುಕು ಬಿಡಬಹುದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯನ್ನು ಎಂದೂ ಕಡೆಗಣಿಸಬಾರದು: ಒಣಗಿದಂತೆಯೇ ಉಜ್ಜಿದಾಗ ಏಳುವ ಧೂಳು ಮಕ್ಕಳಿಗೆ ಬಹಳ ಅಪಾಯಕಾರಿ.

ಬರಿಮರಕ್ಕೆ ಪ್ರೈಮರ್ ಬಳಿಯುವುದೇ ಈ ಕೆಲಸದ ಜೀವಾಳ. ಅದನ್ನು ಬಿಟ್ಟರೆ ಒಣಮರ ಎಣ್ಣೆಯನ್ನು ಹೀರಿಕೊಂಡು ಹೊಸ ಪುಟ್ಟಿ ಬೇಗನೆ ಉದುರುತ್ತದೆ. ಗಾಜಿನ ಹಿಂದೆ ಪುಟ್ಟಿಯ ತೆಳು ಹಾಸು, ಅಂಚಿಗೆ ತಲೆಯಿಲ್ಲದ ಸಣ್ಣ ಮೊಳೆ, ಹೊರಗೆ ನೀರು ಜಾರುವಂತೆ ಓರೆಯಾಗಿ ಎಳೆದ ಪುಟ್ಟಿಯ ಪಟ್ಟಿ. ಪೊರೆಗಟ್ಟಲು ಒಂದೆರಡು ವಾರ ಬಿಟ್ಟು ಬಣ್ಣ ಹಚ್ಚುತ್ತಾರೆ. ಬಣ್ಣ ಗಾಜಿನ ಮೇಲೆ ಸುಮಾರು 2 ಮಿ.ಮೀ. ಚಾಚಿಕೊಂಡರೆ ನೀರಿನ ದಾರಿ ಮುಚ್ಚುತ್ತದೆ. ಉಕ್ಕಿನ ಚೌಕಟ್ಟು ಎಣ್ಣೆ ಹೀರದ ಕಾರಣ ಅದಕ್ಕೆ ಬೇರೆ ಬಗೆಯ ಪುಟ್ಟಿ ಬೇಕು.